ಕಣ್ಣಲ್ಲಿ ಸೋತ ರೋಗಾಣು ಹೊಟ್ಟೆಯಲ್ಲಿ ಗೆಲ್ಲುತ್ತಿರುವುದು ಯಾಕೆ?

2024ರ ಅಕ್ಟೋಬರ್‌ನಲ್ಲಿ ದಿಲ್ಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಲಯದ ಸಭೆ ನಡೆಯಿತು. ಆಗ ಭಾರತಕ್ಕೆ ಒಂದು ಪ್ರಮಾಣಪತ್ರ ಸಿಕ್ಕಿತು. ಟ್ರಕೋಮಾ ಎಂಬ ಕಣ್ಣಿನ ರೋಗವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ನಿರ್ಮೂಲನ ಮಾಡಿದ ದೇಶ ಎಂಬ ಮಾನ್ಯತೆ ಅದು. ನಮ್ಮ ವಲಯದಲ್ಲಿ ನೇಪಾಳ, ಮ್ಯಾನ್ಮಾರ್ ನಂತರ ನಾವು ಮೂರನೆಯವರು. ಒಂದು ದಿನದ ಸುದ್ದಿಯಾಗಿ ಅದು ಮುಗಿದುಹೋಯಿತು.

ಆ ಸುದ್ದಿಯಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯ ಉಂಟು. ಟ್ರಕೋಮಾ ತರುವ ಬ್ಯಾಕ್ಟೀರಿಯಾದ ಹೆಸರು ಕ್ಲಮೀಡಿಯಾ ಟ್ರಕೋಮ್ಯಾಟಿಸ್. ಇದೇ ಜಾತಿಯ ರೋಗಾಣುವಿನ ಇನ್ನೊಂದು ಗುಂಪು ಗಂಡ-ಹೆಂಡತಿಯ ನಡುವೆ ಹರಡುತ್ತದೆ, ಸದ್ದಿಲ್ಲದೆ ಹೆಣ್ಣಿನ ಅಂಡನಾಳ ಮುಚ್ಚುತ್ತದೆ, ಮಕ್ಕಳಾಗದಂತೆ ಮಾಡುತ್ತದೆ. ಕಣ್ಣಿನಲ್ಲಿ ಅದನ್ನು ಸೋಲಿಸಿದ್ದಕ್ಕೆ ಪ್ರಮಾಣಪತ್ರ ಬಂತು. ಹೊಟ್ಟೆಯೊಳಗೆ ಅದು ಎಷ್ಟು ಜನರಲ್ಲಿ ಕೂತಿದೆ ಅಂತ ಸರಕಾರ ಮನೆಮನೆಯಲ್ಲಿ ಹುಡುಕುವ ಕೆಲಸವನ್ನೇ ಮಾಡುತ್ತಿಲ್ಲ.

ನಾನು ಡಾಕ್ಟರಲ್ಲ. ಬಿಕಾಂ ಮಾಡಿ ಏಲಕ್ಕಿ, ಕಾಳುಮೆಣಸಿನ ಸಣ್ಣ ವ್ಯಾಪಾರ ಮಾಡುವವನು. ಸರಕಿಗಾಗಿ ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕನೂರಿಗೆ ಹೋಗಿ ಬರುವುದುಂಟು. ಆ ಕಡೆಯ ಊರುಗಳನ್ನು ನೋಡುತ್ತಾ, ಈ ರೋಗದ ಬಗ್ಗೆ ಓದುತ್ತಾ ನನಗೆ ಅನಿಸಿದ್ದನ್ನು ವ್ಯಾಪಾರಿಯ ಲೆಕ್ಕದ ಕಣ್ಣಿನಿಂದಲೇ ಬರೆಯುತ್ತಿದ್ದೇನೆ. ಯಾಕೆಂದರೆ ಇದು ನಮ್ಮ ಮನೆಗಳ ಮಾತೂ ಹೌದು.

ಇದು ಎಂಥ ರೋಗಾಣು?

ಕ್ಲಮೀಡಿಯಾ ಅನ್ನುವ ಹೆಸರು ಗ್ರೀಕ್ ಭಾಷೆಯ ಮೇಲುಹೊದಿಕೆ ಎಂಬ ಅರ್ಥದ ಪದದಿಂದ ಬಂದದ್ದು. ಹೆಸರಿಗೆ ತಕ್ಕ ಹಾಗೆ ಇದು ಮುಸುಕು ಹಾಕಿಕೊಂಡೇ ಬದುಕುವ ಜೀವಿ. ಬೇರೆ ಬ್ಯಾಕ್ಟೀರಿಯಾಗಳ ಹಾಗೆ ಹೊರಗಡೆ ಸ್ವತಂತ್ರವಾಗಿ ಬೆಳೆಯುವುದಿಲ್ಲ. ನಮ್ಮ ಜೀವಕೋಶದ ಒಳಗೆ ನುಗ್ಗಿ, ಅಲ್ಲಿನ ಆಹಾರ ತಿಂದು, ಸಂಖ್ಯೆ ಹೆಚ್ಚಿಸಿಕೊಂಡು, ಎರಡು-ಮೂರು ದಿನಗಳಲ್ಲಿ ಕೋಶ ಒಡೆದು ಹೊರಬಂದು ಪಕ್ಕದ ಕೋಶಕ್ಕೆ ಹೋಗುತ್ತದೆ. ಇದೇ ಕಾರಣಕ್ಕೆ ವಿಜ್ಞಾನಿಗಳು ಬಹಳ ಕಾಲ ಇದನ್ನು ವೈರಸ್ ಅಂತಲೇ ತಿಳಿದಿದ್ದರು. 1907ರಲ್ಲಿ ಹಾಲ್ಬರ್‌ಸ್ಟೆಟರ್ ಮತ್ತು ಪ್ರೊವಾಜೆಕ್ ಎಂಬ ಇಬ್ಬರು ವಿಜ್ಞಾನಿಗಳು ಜಾವಾ ದ್ವೀಪದಲ್ಲಿ ಟ್ರಕೋಮಾ ರೋಗಿಗಳ ಕಣ್ಣಿನ ಕೋಶದೊಳಗೆ ಇದರ ಗುರುತು ಕಂಡರು. ಕೋಳಿಮೊಟ್ಟೆಯೊಳಗೆ ಇದನ್ನು ಬೆಳೆಸಿ ಪ್ರತ್ಯೇಕಿಸಿದ ಚೀನಾದ ವಿಜ್ಞಾನಿ ಟಾಂಗ್ ಫೈಫಾನ್ ಅವರ ಯಶಸ್ಸು ಬಂದದ್ದು 1950ರ ದಶಕದಲ್ಲಿ.

ಈ ಕುಟುಂಬದಲ್ಲಿ ಬೇರೆ ಬೇರೆ ಸದಸ್ಯರಿದ್ದಾರೆ. ಕ್ಲಮೀಡಿಯಾ ನ್ಯುಮೋನಿಯೆ ಕೆಮ್ಮು, ಶ್ವಾಸಕೋಶದ ಸೋಂಕು ತರುತ್ತದೆ. ಕ್ಲಮೀಡಿಯಾ ಸಿಟಾಸಿ ಗಿಳಿ, ಪಾರಿವಾಳದಂಥ ಹಕ್ಕಿಗಳಿಂದ ಮನುಷ್ಯನಿಗೆ ಬರುತ್ತದೆ. ಹಕ್ಕಿ ಸಾಕುವ ಹುಡುಗರು ಗೂಡಿನ ಒಣ ಹಿಕ್ಕೆಯನ್ನು ಗುಡಿಸುವಾಗ ಮಾಸ್ಕ್ ಹಾಕಿಕೊಳ್ಳುವುದು ಒಳ್ಳೆಯದು. ಆದರೆ ಇವತ್ತಿನ ವಿಷಯ ಟ್ರಕೋಮ್ಯಾಟಿಸ್. ಅದರಲ್ಲಿ ಎ, ಬಿ, ಸಿ ಗುಂಪಿನವು ಕಣ್ಣಿಗೆ, ಡಿ ಇಂದ ಕೆ ವರೆಗಿನವು ಜನನಾಂಗಕ್ಕೆ, ಎಲ್ ಗುಂಪಿನವು ತೊಡೆಸಂದಿಯಲ್ಲಿ ಗಡ್ಡೆ ಏಳಿಸುವ ಇನ್ನೊಂದು ರೋಗಕ್ಕೆ ಕಾರಣ.

ಒಂದು ಮಾತು ಸ್ಪಷ್ಟವಾಗಿರಲಿ. ಟ್ರಕೋಮಾ ಲೈಂಗಿಕ ರೋಗ ಅಲ್ಲವೇ ಅಲ್ಲ. ಅದು ಕೊಳಕು ಕೈ, ಒಂದೇ ಟವೆಲ್, ನೊಣ, ನೀರಿನ ಬರ ಇದ್ದಲ್ಲಿ ಮಕ್ಕಳಿಂದ ಮಕ್ಕಳಿಗೆ, ಮಕ್ಕಳಿಂದ ತಾಯಿಗೆ ಹರಡುವ ರೋಗ.

ಕಣ್ಣಿನ ಕಡೆ ಗೆದ್ದದ್ದು ಹೇಗೆ?

ಭಾರತದಲ್ಲಿ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1963ರಲ್ಲಿ. 1976ರಲ್ಲಿ ಅದು ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಭಾಗವಾಯಿತು. 2014ರಿಂದ 2017ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಕ್ರಿಯ ಟ್ರಕೋಮಾ ಶೇ. 0.7ಕ್ಕೆ ಇಳಿದದ್ದು ಗೊತ್ತಾಯಿತು. ಅಂದರೆ ಅರವತ್ತು ವರ್ಷದ ದುಡಿಮೆ. ಔಷಧ, ಆಪರೇಷನ್, ಮುಖ ತೊಳೆಯುವ ಅಭ್ಯಾಸ, ನೀರು, ಶೌಚಾಲಯ ಎಲ್ಲ ಸೇರಿ ಗೆದ್ದದ್ದು.

ಈ ರೋಗ ಹೆಚ್ಚು ಕಾಡಿದ್ದು ಪಂಜಾಬ್, ಹರಿಯಾಣ, ರಾಜಸ್ಥಾನದಂಥ ಒಣ ಪ್ರದೇಶಗಳನ್ನು. ದಕ್ಷಿಣದಲ್ಲಿ ಕಣ್ಣಿನ ದೊಡ್ಡ ಸಮಸ್ಯೆ ಪೊರೆ. ಆದರೆ ಕಣ್ಣಿನ ಚಿಕಿತ್ಸೆಯನ್ನು ಬಡವರ ಬಾಗಿಲಿಗೆ ಒಯ್ಯುವುದು ಹೇಗೆ ಅಂತ ಇಡೀ ಜಗತ್ತಿಗೆ ತೋರಿಸಿದ್ದು ತೇನಿಯ ಸುತ್ತಲಿನ ನಾಡು. ಡಾ. ಗೋವಿಂದಪ್ಪ ವೆಂಕಟಸ್ವಾಮಿ 1976ರಲ್ಲಿ ಮಧುರೆಯಲ್ಲಿ 11 ಹಾಸಿಗೆಯಿಂದ ಶುರು ಮಾಡಿದ ಅರವಿಂದ ಕಣ್ಣಾಸ್ಪತ್ರೆ 1980ರ ದಶಕದಲ್ಲೇ ತೇನಿಯಲ್ಲಿ ಶಾಖೆ ತೆರೆಯಿತು. ಹಳ್ಳಿ ಹಳ್ಳಿಯಲ್ಲಿ ಶಿಬಿರ ನಡೆಯಿತು. ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ಸುತ್ತಲಿನ ಊರುಗಳ ಸಣ್ಣ ಕಣ್ಣಿನ ಕೇಂದ್ರಗಳನ್ನು ದೂರದ ವೈಫೈ ಮೂಲಕ ತೇನಿ ಆಸ್ಪತ್ರೆಗೆ ಜೋಡಿಸಿದರು. ಊರಿನ ಅಜ್ಜಿ ತನ್ನ ಊರಲ್ಲೇ ಕೂತು ತೇನಿಯ ಡಾಕ್ಟರ್ ಹತ್ತಿರ ಮಾತಾಡುವ ವ್ಯವಸ್ಥೆ ಅದು.

ಕಣ್ಣಿನ ಶಿಬಿರ ಅಂತ ಮೈಕ್‌ನಲ್ಲಿ ಕೂಗಿದರೆ ಜನ ಬರುತ್ತಾರೆ. ಯಾರೂ ಮುಖ ಮುಚ್ಚಿಕೊಳ್ಳುವುದಿಲ್ಲ. ಯಾರ ಸಂಸಾರವೂ ಒಡೆಯುವುದಿಲ್ಲ. ಕಣ್ಣಿನ ಕಡೆ ಗೆದ್ದದ್ದರಲ್ಲಿ ಈ ನಾಚಿಕೆ ಇಲ್ಲದಿರುವುದರ ಪಾಲು ದೊಡ್ಡದು.

ಕಂಬಂ ಕಣಿವೆಯ ಬೆಳಗ್ಗಿನ ಜೀಪುಗಳು

ಈಗ ಅದೇ ನಾಡಿನ ಇನ್ನೊಂದು ಮುಖ ನೋಡುವ. ಒಂದು ಕಡೆ ದಿಂಡಿಗಲ್, ಇನ್ನೊಂದು ಕಡೆ ಕೇರಳದ ಇಡುಕ್ಕಿ ಬೆಟ್ಟ, ನಡುವೆ ತೇನಿ ಮತ್ತು ಕಂಬಂ ಕಣಿವೆ. ಮುಲ್ಲಪೆರಿಯಾರ್ ನೀರಿನಿಂದ ಹಸಿರಾದ ಭೂಮಿ. ದ್ರಾಕ್ಷಿ, ಬಾಳೆ, ಭತ್ತ, ತೆಂಗು. ಕಂಬಂ ದ್ರಾಕ್ಷಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಇಲ್ಲಿ ನೂರಾರು ವರ್ಷಗಳಿಂದ ನೆಲೆಸಿದ ಕಪ್ಪಿಲಿಯರ್ ಸಮುದಾಯದವರು ಮನೆಯಲ್ಲಿ ಇವತ್ತಿಗೂ ಕನ್ನಡ ಮಾತಾಡುತ್ತಾರೆ. ಉತ್ತಮಪಾಳ್ಯಂ, ಕಂಬಂ ಕಡೆ ರಾವುತ್ತರ್ ಮುಸ್ಲಿಮರ ಹಳೆಯ ಮನೆತನಗಳಿವೆ. ನಮ್ಮ ಹಾಗೆಯೇ ವ್ಯಾಪಾರ ನಂಬಿ ಬದುಕಿದ ಜನ.

ಬೋಡಿಯಲ್ಲಿ ಏಲಕ್ಕಿ ಹರಾಜಾಗುತ್ತದೆ, ಆದರೆ ಏಲಕ್ಕಿ ಬೆಳೆಯುವುದು ಮೇಲೆ ಇಡುಕ್ಕಿಯಲ್ಲಿ. ಕೊಯ್ಯುವವರು ಹೆಚ್ಚಿನವರು ಹೆಂಗಸರು, ಕೆಳಗಿನ ಕಣಿವೆಯಿಂದ ದಿನಾ ಹೋಗುವವರು. ಬೆಳಕು ಹರಿಯುವ ಮೊದಲೇ ಬುತ್ತಿ ಕಟ್ಟಿಕೊಂಡು, ತುಂಬಿದ ಜೀಪಿನಲ್ಲಿ ಬೋಡಿಮೆಟ್ಟು, ಕಂಬಂಮೆಟ್ಟು, ಕುಮಿಳಿ ದಾರಿಯಾಗಿ ಬೆಟ್ಟ ಹತ್ತುತ್ತಾರೆ. ಸಂಜೆ ಇಳಿಯುತ್ತಾರೆ. ನಾವು ಬಿರಿಯಾನಿಗೆ ಹಾಕುವ ಏಲಕ್ಕಿಯ ಹಿಂದೆ ಈ ಹೆಂಗಸರ ಬೆನ್ನುನೋವು ಉಂಟು.

ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ ಮುಖ್ಯವಾಗಿ ನಡೆಯುವುದು ಬೆಳಗ್ಗೆ. ಆ ಹೊತ್ತಿಗೆ ಇವರು ಇನ್ನೊಂದು ರಾಜ್ಯದ ಬೆಟ್ಟದ ಮೇಲೆ ಇರುತ್ತಾರೆ. ಆಸ್ಪತ್ರೆಗೆ ಹೋಗಬೇಕಂದ್ರೆ ಒಂದು ದಿನದ ಕೂಲಿ ಬಿಡಬೇಕು. ಜ್ವರ ಬಂದರೆ, ಕೈ ಮುರಿದರೆ ಬಿಡುತ್ತಾರೆ. ಆದರೆ ನೋವೇ ಇಲ್ಲದ ರೋಗಕ್ಕೆ ಯಾರು ಕೂಲಿ ಬಿಡುತ್ತಾರೆ?

ಕ್ಲಮೀಡಿಯಾದ ಅಪಾಯ ಇರುವುದು ಇಲ್ಲೇ. ಸೋಂಕು ತಗುಲಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಗಂಡಸರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಲಕ್ಷಣ ಇಲ್ಲ. ಇದ್ದರೂ ಸ್ವಲ್ಪ ಬಿಳಿಸೆರಗು, ಮೂತ್ರ ಮಾಡುವಾಗ ಉರಿ, ಕಿಬ್ಬೊಟ್ಟೆಯಲ್ಲಿ ಸಣ್ಣ ನೋವು. ಉಷ್ಣ ಆಗಿರಬೇಕು ಅಂತ ಎಳನೀರು ಕುಡಿದು ಸುಮ್ಮನಾಗುತ್ತಾರೆ. ಚಿಕಿತ್ಸೆ ಸಿಗದ ಹೆಂಗಸರಲ್ಲಿ ಸುಮಾರು ಶೇ. 10ರಿಂದ 15 ಜನರಲ್ಲಿ ಸೋಂಕು ಮೇಲಕ್ಕೇರಿ ಗರ್ಭಕೋಶ, ಅಂಡನಾಳಕ್ಕೆ ಉರಿಯೂತ ಹಬ್ಬುತ್ತದೆ. ಗಾಯ ಮಾಗುವಾಗ ನಾಳ ಅಂಟಿಕೊಳ್ಳಬಹುದು. ಆಮೇಲೆ ಬಂಜೆತನ, ಅಥವಾ ನಾಳದಲ್ಲೇ ಗರ್ಭ ನಿಂತು ಒಡೆದು ಪ್ರಾಣಕ್ಕೇ ಕುತ್ತು. ಗರ್ಭಿಣಿಗೆ ಸೋಂಕಿದ್ದರೆ ಹೆರಿಗೆಯ ಹೊತ್ತಿಗೆ ಅದು ಮಗುವಿನ ಕಣ್ಣಿಗೆ ಹೋಗಬಹುದು, ಎಳೆಯ ಶ್ವಾಸಕೋಶಕ್ಕೂ ಇಳಿಯಬಹುದು. ಟ್ರಕೋಮಾ ಹೋಯಿತು ಅಂತ ಪ್ರಮಾಣಪತ್ರ ಪಡೆದ ದೇಶದಲ್ಲಿ ಅದೇ ರೋಗಾಣು ಇನ್ನೊಂದು ದಾರಿಯಿಂದ ಹಸುಗೂಸಿನ ಕಣ್ಣು ತಲುಪುವ ಬಾಗಿಲು ತೆರೆದೇ ಇದೆ.

ಏಳು ಬಣ್ಣದ ಪೊಟ್ಟಣ

ಸರಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕೆಳಗೆ ಸರಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್‌ಗಳಿವೆ. ವರ್ಷಗಳಿಂದ ಏಳು ಬಣ್ಣದ ಔಷಧ ಕಿಟ್‌ಗಳನ್ನು ಉಚಿತವಾಗಿ ಕೊಡುತ್ತಾ ಬಂದಿದ್ದಾರೆ. ಬೂದು ಬಣ್ಣದ ಒಂದನೇ ಕಿಟ್‌ನಲ್ಲಿ ಕ್ಲಮೀಡಿಯಾಕ್ಕೆ ಅಜಿತ್ರೊಮೈಸಿನ್, ಗೊನೊರಿಯಾಕ್ಕೆ ಸೆಫಿಕ್ಸಿಮ್ ಇರುತ್ತದೆ. ಕಿಬ್ಬೊಟ್ಟೆ ನೋವಿಗೆ ಹಳದಿ ಕಿಟ್, ತೊಡೆಸಂದಿಯ ಗಡ್ಡೆಗೆ ಕಪ್ಪು ಕಿಟ್. ಲ್ಯಾಬ್ ಇಲ್ಲದ ಕಡೆಯೂ ಲಕ್ಷಣ ನೋಡಿ ಅವತ್ತೇ ಔಷಧ ಕೊಡುವ ಈ ಪದ್ಧತಿ ಬಡ ದೇಶಕ್ಕೆ ಬುದ್ಧಿವಂತಿಕೆಯದ್ದೇ.

ಆದರೆ ಇಡೀ ಪದ್ಧತಿ ನಿಂತಿರುವುದು ಲಕ್ಷಣದ ಮೇಲೆ. ಲಕ್ಷಣ ಇಲ್ಲದವರು ಕ್ಲಿನಿಕ್‌ಗೇ ಬರುವುದಿಲ್ಲ. ಬಂದವರಲ್ಲೂ ಬಿಳಿಸೆರಗಿಗೆ ಬೇರೆ ನೂರು ಕಾರಣ ಇರಬಹುದು. ಹಾಗಾಗಿ ರೋಗ ಇದ್ದವರಿಗೆ ಔಷಧ ಇಲ್ಲ, ಇಲ್ಲದವರಿಗೆ ಆಂಟಿಬಯಾಟಿಕ್. ಗರ್ಭಿಣಿಯರಿಗೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಮಾಡುತ್ತಾರೆ, ಕ್ಲಮೀಡಿಯಾ ಆ ಪಟ್ಟಿಯಲ್ಲಿ ಇಲ್ಲ. ಅಮೆರಿಕದಲ್ಲಿ 25ಕ್ಕಿಂತ ಕಡಿಮೆ ವಯಸ್ಸಿನ ಲೈಂಗಿಕ ಜೀವನ ಇರುವ ಹೆಂಗಸರಿಗೆ ವರ್ಷಕ್ಕೊಮ್ಮೆ ಪರೀಕ್ಷೆಯ ಸಲಹೆ ಉಂಟು. ಇಂಗ್ಲೆಂಡ್‌ನಲ್ಲಿ 2003ರಿಂದಲೇ ರಾಷ್ಟ್ರೀಯ ತಪಾಸಣೆ ಕಾರ್ಯಕ್ರಮ ಉಂಟು.

ಹಣ ಇಲ್ಲ, ಯಂತ್ರ ಇಲ್ಲ ಅಂತೀರಾ? ಇಲ್ಲಿ ವಾಣಿಜ್ಯ ಓದಿದವನಾಗಿ ಒಂದು ಮಾತು. ಕ್ಷಯರೋಗ ಪತ್ತೆಗಾಗಿ ದೇಶದ ಜಿಲ್ಲೆ ಜಿಲ್ಲೆಗೆ ಜೀನ್‌ಎಕ್ಸ್‌ಪರ್ಟ್ ಯಂತ್ರ ಬಂದಿದೆ, ತೇನಿ, ದಿಂಡಿಗಲ್, ನಮ್ಮ ದಕ್ಷಿಣ ಕನ್ನಡ ಸೇರಿ. ಅದೇ ಯಂತ್ರಕ್ಕೆ ಬೇರೆ ಕಾರ್ಟ್ರಿಜ್ ಹಾಕಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಕ್ಲಮೀಡಿಯಾ, ಗೊನೊರಿಯಾ ಎರಡರ ಫಲಿತಾಂಶ ಬರುತ್ತದೆ. ಅಂದರೆ ದೊಡ್ಡ ಬಂಡವಾಳ ಹಾಕಿ ಆಗಿದೆ. ಗಿರಣಿ ಉಂಟು, ಅಕ್ಕಿ ತರಿಸಿಲ್ಲ ಅಷ್ಟೇ. ಇದಕ್ಕೆ ಮೂತ್ರ ಸಾಕು, ಅಥವಾ ಹೆಂಗಸು ತಾನೇ ಬಾತ್‌ರೂಮಿಗೆ ಹೋಗಿ ಹತ್ತಿಕಡ್ಡಿಯಲ್ಲಿ ತೆಗೆದುಕೊಟ್ಟ ಮಾದರಿ ಸಾಕು. ಯಾರೂ ಮೈ ಮುಟ್ಟಿ ನೋಡಬೇಕಂತ ಇಲ್ಲ. ಪರದೆಯ ಕಾರಣಕ್ಕೆ ಹಿಂಜರಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದಕ್ಕಿಂತ ಅನುಕೂಲದ ಪರೀಕ್ಷೆ ಬೇರೆ ಇಲ್ಲ.

ತಮಿಳುನಾಡು ಸರಕಾರ 2021ರ ಆಗಸ್ಟ್‌ನಲ್ಲಿ ಮಕ್ಕಳೈ ತೇಡಿ ಮರುತ್ತುವಂ ಅಂದರೆ ಜನರನ್ನು ಹುಡುಕಿಕೊಂಡು ಬರುವ ವೈದ್ಯ ಎಂಬ ಯೋಜನೆ ತಂದಿತು. ಬಿಪಿ, ಶುಗರ್ ಮಾತ್ರೆ ಮನೆಗೇ ಬರುತ್ತದೆ. ಅದೇ ಕಾರ್ಯಕರ್ತೆಯ ಚೀಲದಲ್ಲಿ ಮೂತ್ರದ ಸಣ್ಣ ಡಬ್ಬಿ ಸೇರಿಸಿದರೆ ಜೀಪಿನಿಂದ ಇಳಿದು ಬಂದ ಹೆಂಗಸಿಗೂ ಪರೀಕ್ಷೆ ಸಿಗುತ್ತದೆ.

ನಷ್ಟ ಯಾರ ಖಾತೆಗೆ?

ಈಗ ಲೆಕ್ಕ ನೋಡುವ. ಕ್ಲಮೀಡಿಯಾಕ್ಕೆ ಚಿಕಿತ್ಸೆ ಅಂದರೆ ಡಾಕ್ಸಿಸೈಕ್ಲಿನ್ ದಿನಕ್ಕೆ ಎರಡರಂತೆ ಏಳು ದಿನ. ಗರ್ಭಿಣಿಯರಿಗೆ ಅಜಿತ್ರೊಮೈಸಿನ್ ಒಂದೇ ಸಲ. ದಿಂಡಿಗಲ್‌ನಲ್ಲಿ ಕೂತು ಒಂದು ಮಟನ್ ಬಿರಿಯಾನಿ ತಿನ್ನುವ ಖರ್ಚಿಗಿಂತ ಕಡಿಮೆ. ಅದೇ ನಾಳ ಮುಚ್ಚಿಹೋದ ಮೇಲೆ ಐವಿಎಫ್‌ಗೆ ಹೋದರೆ ಒಂದು ಸಲಕ್ಕೆ ಲಕ್ಷ ದಾಟುತ್ತದೆ. ಅದೂ ಫಲಿಸುವ ಗ್ಯಾರಂಟಿ ಇಲ್ಲ. ಚಿನ್ನ ಅಡವಿಟ್ಟು, ಜಾಗ ಮಾರಿ ಹೋದವರು ನಮ್ಮ ಊರಲ್ಲೂ ಇದ್ದಾರೆ.

ಮಕ್ಕಳಾಗದಿರುವುದಕ್ಕೆಲ್ಲ ಕ್ಲಮೀಡಿಯಾವೇ ಕಾರಣ ಅಂತ ನಾನು ಹೇಳುವುದಿಲ್ಲ. ನಮ್ಮ ದೇಶದಲ್ಲಿ ನಾಳ ಮುಚ್ಚುವುದಕ್ಕೆ ಗರ್ಭಕೋಶದ ಕ್ಷಯವೂ ದೊಡ್ಡ ಕಾರಣ. ಗಂಡಸಿನ ಕಡೆಯ ತೊಂದರೆಯಂತೂ ಬಹಳ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಬಂಜೆತನದ ಅನುಭವ ಆಗುತ್ತದೆ. ಆದರೆ ಬಹಳಷ್ಟು ಕಾರಣಗಳನ್ನು ತಡೆಯುವುದು ಕಷ್ಟ. ಇದನ್ನು ಹತ್ತಿಪ್ಪತ್ತು ಮಾತ್ರೆಯಲ್ಲಿ ತಡೆಯಬಹುದಿತ್ತು ಅನ್ನುವುದೇ ಬೇಸರದ ಸಂಗತಿ.

ಮತ್ತು ಈ ನಷ್ಟ ಯಾವಾಗಲೂ ಹೆಣ್ಣಿನ ಖಾತೆಗೇ ಬರೆಯಲ್ಪಡುತ್ತದೆ. ಮದುವೆಯಾಗಿ ಎರಡು ವರ್ಷ ಕಳೆದರೆ ಸಾಕು, ಮದುವೆ ಮನೆಯಲ್ಲಿ, ಮರಣದ ಮನೆಯಲ್ಲಿ ಅವಳಿಗೇ ಪ್ರಶ್ನೆ. ಹರಕೆ, ನೂಲು, ಊರೂರಿನ ಡಾಕ್ಟರ್, ಎಲ್ಲದಕ್ಕೂ ಅವಳನ್ನೇ ಕರಕೊಂಡು ಹೋಗುವುದು. ಗಂಡನನ್ನು ಒಂದು ಸಾಮಾನ್ಯ ವೀರ್ಯ ಪರೀಕ್ಷೆಗೆ ಕಳಿಸಲು ಉಮ್ಮನಿಗೂ ಧೈರ್ಯ ಇಲ್ಲ, ಬಾಪಾನಿಗೂ ಇಲ್ಲ. ಎರಡನೇ ಮದುವೆಯ ಮಾತು ಬೇಗ ಬರುತ್ತದೆ, ಮೂತ್ರ ಪರೀಕ್ಷೆಯ ಮಾತು ಬರುವುದೇ ಇಲ್ಲ. ಇದು ಕಂಬಂನಲ್ಲೂ ಹೌದು, ಕೃಷ್ಣಾಪುರ, ಉಳ್ಳಾಲದಲ್ಲೂ ಹೌದು.

ನಾವು ತಿಳಿದಿರಬೇಕಾದ ಕೆಲವು ಸಂಗತಿ

ಮೊದಲನೆಯದು, ಗಲ್ಫ್ ಮೆಡಿಕಲ್. ವೀಸಾಕ್ಕೆ ಮಾಡಿಸುವ ತಪಾಸಣೆಯಲ್ಲಿ ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್, ಎಕ್ಸರೇ ಎಲ್ಲ ಉಂಟು. ಕ್ಲಮೀಡಿಯಾಕ್ಕೆ ಅಲ್ಲಿ ಜಾಗ ಇಲ್ಲ. ಹಾಗಾಗಿ ನಾನು ಮೆಡಿಕಲ್ ಫಿಟ್ ಅನ್ನುವ ಮಾತು ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ.

ಎರಡನೆಯದು, ಮೆಡಿಕಲ್ ಶಾಪಿನ ಕೌಂಟರ್ ಔಷಧ. ಕೊರೋನಾ ಕಾಲದಲ್ಲಿ ಅಜಿತ್ರೊಮೈಸಿನ್ ಹೆಸರು ಎಲ್ಲರ ಬಾಯಲ್ಲೂ ಬಂತು. ಈಗ ಗಂಟಲು ಕೆರೆದರೂ ಅದೇ, ಮೂತ್ರ ಉರಿದರೂ ಅದೇ. ಹೀಗೆ ಅರ್ಧಂಬರ್ಧ ನುಂಗಿದರೆ ಇರುವ ರೋಗ ಮುಚ್ಚಿಹೋಗುತ್ತದೆ, ಗೊನೊರಿಯಾದಂಥ ರೋಗಾಣು ಔಷಧಕ್ಕೇ ಬಗ್ಗದಂತೆ ಆಗುತ್ತದೆ. ಪರೀಕ್ಷೆ ಮೊದಲು, ಮಾತ್ರೆ ಆಮೇಲೆ.

ಮೂರನೆಯದು, ಇಬ್ಬರಿಗೂ ಚಿಕಿತ್ಸೆ. ಒಬ್ಬರು ಮಾತ್ರ ಔಷಧ ತಿಂದರೆ ಇನ್ನೊಬ್ಬರಿಂದ ಮತ್ತೆ ಬರುತ್ತದೆ. ಒಮ್ಮೆ ಬಂದರೆ ಮತ್ತೆ ಬಾರದು ಅನ್ನುವ ರೋಗ ಇದಲ್ಲ. ಚಿಕಿತ್ಸೆ ಮುಗಿಯುವ ತನಕ ಇಬ್ಬರೂ ದೂರ ಇರಬೇಕು, ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಬೇಕು. ಲಸಿಕೆ ಇನ್ನೂ ಬಂದಿಲ್ಲ. ಆಸ್ಟ್ರೇಲಿಯಾದಲ್ಲಿ ಕೋಆಲಾ ಎಂಬ ಪ್ರಾಣಿಗಳು ಕ್ಲಮೀಡಿಯಾದಿಂದ ಸಾಯುತ್ತಿವೆ ಅಂತ 2025ರ ಸೆಪ್ಟೆಂಬರ್‌ನಲ್ಲಿ ಅವಕ್ಕೆ ಒಂದು ಲಸಿಕೆಗೆ ಅನುಮತಿ ಸಿಕ್ಕಿತು. ಮನುಷ್ಯನ ಸರದಿ ಇನ್ನೂ ಬರಬೇಕಷ್ಟೆ.

ನಾಲ್ಕನೆಯದು ಬಹಳ ಮುಖ್ಯ. ಪಾಸಿಟಿವ್ ರಿಪೋರ್ಟ್ ಯಾರ ಚಾರಿತ್ರ್ಯಕ್ಕೂ ಸರ್ಟಿಫಿಕೇಟ್ ಅಲ್ಲ. ಈ ಸೋಂಕು ತಿಂಗಳುಗಟ್ಟಲೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಸುಮ್ಮನೆ ಇರಬಲ್ಲದು. ಯಾರಿಂದ ಬಂತು, ಯಾವಾಗ ಬಂತು ಅಂತ ರಿಪೋರ್ಟ್ ಹೇಳುವುದಿಲ್ಲ. ಹೆಂಡತಿಯಲ್ಲಿ ಮೊದಲು ಪತ್ತೆಯಾಯಿತು ಅಂದರೆ ಅವಳೇ ಮೊದಲು ಪರೀಕ್ಷೆಗೆ ಹೋದಳು ಅಂತ ಮಾತ್ರ ಅರ್ಥ. ಆ ಕಾಗದ ಹಿಡಿದು ಮನೆ ಒಡೆಯುವವರು ರೋಗಕ್ಕಿಂತ ದೊಡ್ಡ ಹಾನಿ ಮಾಡುತ್ತಾರೆ. ಹೀಗೆ ಆಗುತ್ತದೆ ಅನ್ನುವ ಭಯದಿಂದಲೇ ಹೆಂಗಸರು ಪರೀಕ್ಷೆಗೆ ಹೋಗುವುದಿಲ್ಲ.

ಏನು ಮಾಡಬಹುದು?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ 15ರಿಂದ 49 ವಯಸ್ಸಿನವರಲ್ಲಿ 12 ಕೋಟಿ 85 ಲಕ್ಷ ಹೊಸ ಕ್ಲಮೀಡಿಯಾ ಸೋಂಕು ಆಗಿದೆ. ಇದು ಯಾವುದೋ ಒಂದು ಜಾತಿ, ಒಂದು ಊರು, ಒಂದು ಕಸುಬಿನವರ ರೋಗ ಅಲ್ಲ. ಲಾರಿ ಡ್ರೈವರ್, ಕೂಲಿ ಹೆಂಗಸು ಅಂತ ಬೊಟ್ಟು ಮಾಡುವ ಹಳೆಯ ಚಾಳಿ ಬಿಡಬೇಕು.

ಸರಕಾರದ ಹತ್ತಿರ ಕೇಳಬೇಕಾದದ್ದು ಮೂರು. ಜಿಲ್ಲೆಯಲ್ಲಿರುವ ಯಂತ್ರಕ್ಕೆ ಕ್ಲಮೀಡಿಯಾ ಕಾರ್ಟ್ರಿಜ್ ತರಿಸಿ. ಗರ್ಭಿಣಿಯರ ಪರೀಕ್ಷೆಯ ಪಟ್ಟಿಗೆ ಇದನ್ನೂ ಸೇರಿಸಿ. ಕೂಲಿ ಹೆಂಗಸರು ಇರುವ ಕಡೆ ಸಂಜೆ ಹೊತ್ತು ಕ್ಲಿನಿಕ್ ತೆರೆಯಿರಿ. ಕಂಬಂ ಕಣಿವೆಗೆ ಇದು ಎಷ್ಟು ಬೇಕೋ, ಬೀಡಿ ಕಟ್ಟುವ, ಮೀನು ಕಾರ್ಖಾನೆಗೆ ಹೋಗುವ ನಮ್ಮ ಕರಾವಳಿಯ ಹೆಂಗಸರಿಗೂ ಅಷ್ಟೇ ಬೇಕು.

ನಮ್ಮೊಳಗೆ ಮಾಡಬೇಕಾದದ್ದು ಅದಕ್ಕಿಂತ ಸುಲಭ. ಜಮಾಅತ್ ಕಮಿಟಿಗಳು ಮದುವೆಗೆ ಮುಂಚೆ ಹುಡುಗ-ಹುಡುಗಿಗೆ ಮಾಹಿತಿ ಶಿಬಿರ ಮಾಡುವಾಗ ಒಬ್ಬ ಡಾಕ್ಟರ್, ಒಬ್ಬ ಲೇಡಿ ಡಾಕ್ಟರ್ ಅರ್ಧ ಗಂಟೆ ಮಾತಾಡಲಿ. ಪಳ್ಳಿಯಲ್ಲಿ ರಕ್ತದಾನ ಶಿಬಿರ, ಕಣ್ಣಿನ ಶಿಬಿರ ಮಾಡಿ ನಮ್ಮ ಯುವಕರು ಹೆಸರು ಮಾಡಿದ್ದಾರೆ. ಅದೇ ಯುವಕರು ಈ ವಿಷಯವನ್ನು ಗುಸುಗುಸು ಇಲ್ಲದೆ ಮಾತಾಡಲು ಕಲಿಯಲಿ. ಗಲ್ಫಿನಿಂದ ರಜೆಗೆ ಬಂದ ಗೆಳೆಯನಿಗೆ ಹೇಳಲಿ. ಮಕ್ಕಳಾಗಲಿಲ್ಲ ಅಂತ ಅಣ್ಣನ ಹೆಂಡತಿಯನ್ನು ದೂರುವಾಗ, ಮೊದಲು ಅಣ್ಣ ಪರೀಕ್ಷೆ ಮಾಡಿಸಲಿ ಅಂತ ತಮ್ಮನೇ ಎದ್ದು ಹೇಳಲಿ.

ಸಂಶಯ ಇರುವವರು ಸರಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಹೋಗಬಹುದು. 1097 ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಿ ಹತ್ತಿರದ ಕೇಂದ್ರ ಎಲ್ಲಿದೆ ಅಂತ ಕೇಳಬಹುದು. ಗಂಡ-ಹೆಂಡತಿ ಇಬ್ಬರೂ ಜೊತೆಯಾಗಿ ಹೋಗಿ. ಒಬ್ಬಳನ್ನೇ ಕಳಿಸಬೇಡಿ.